ಇಪ್ಪತ್ತರಲ್ಲಿ ಎರಡು: ಬೀಜ ಬ್ಯಾಂಕುಗಳಿಗೆ ಹಣ ಹಂಚುವವರಿಗೆ, ಬೀಜದ ಕಾನೂನು ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೋದ ವರ್ಷ ಬಿತ್ತನೆಗೆ ಮುಂಚೆ ಅಟ್ಟದಿಂದ ಒಂದು ತಗಡಿನ ಡಬ್ಬಿ ಇಳಿಸಿದೆ. ಒಳಗೆ ಕಾಗದದ ಪೊಟ್ಟಣ. ಪೊಟ್ಟಣದಲ್ಲಿ ಬಳ್ಳಿ ಬೀನ್ಸಿನ ಬೀಜ. ಕಂದು ಮೈ, ಕಣ್ಣಿನ ಸುತ್ತ ಬೆಳ್ಳಗೆ ಒಂದು ಉಂಗುರ. ಪಕ್ಕದ ಮನೆಯ ಅಜ್ಜಿ ಕೊಟ್ಟಿದ್ದು. "ವರ್ಷ ವರ್ಷ ಹಾಕ್ತಾ ಇರು, ಬಿಡಬೇಡ" ಅಂದಿದ್ದರು. ಮೊದಲ ಎರಡು ವರ್ಷ ಹಾಕಿದೆ. ಆಮೇಲೆ, ಬೀಜ ಡಬ್ಬಿಯಲ್ಲಿ ಭದ್ರವಾಗಿದೆಯಲ್ಲ, ಎಲ್ಲಿಗೆ ಹೋಗುತ್ತದೆ ಅಂತ ಸುಮ್ಮನಾದೆ. ಅಜ್ಜಿ ತೀರಿಕೊಂಡರು. ಅವರ ಹಿತ್ತಲಲ್ಲಿ ಈಗ ಕಾರು ನಿಲ್ಲುತ್ತದೆ.

ಇಪ್ಪತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ತಟ್ಟೆಯ ಮೇಲಿಟ್ಟೆ. ನಾಲ್ಕನೇ ದಿನ ಬಿಚ್ಚಿ ನೋಡಿದರೆ ಎಲ್ಲವೂ ದಪ್ಪಗೆ ಉಬ್ಬಿದ್ದವು. ಖುಷಿಯಾಯಿತು. ಆರನೇ ದಿನ ಬಟ್ಟೆಯೆಲ್ಲ ಲೋಳೆ, ಹುಳಿ ವಾಸನೆ. ಬೆರಳಲ್ಲಿ ಒತ್ತಿದರೆ ಬೀಜ ಪಿಸುಕುತ್ತಿತ್ತು. ಎಂಟನೇ ದಿನಕ್ಕೆ ಲೆಕ್ಕ ಸಿಕ್ಕಿತು: ಇಪ್ಪತ್ತರಲ್ಲಿ ಎರಡಕ್ಕೆ ಮಾತ್ರ ಬೇರು. ಉಳಿದ ಹದಿನೆಂಟು ಯಾವಾಗ ಸತ್ತವೋ, ಡಬ್ಬಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಣಗಿದ್ದಾಗ ಸತ್ತ ಬೀಜಕ್ಕೂ ಬದುಕಿದ ಬೀಜಕ್ಕೂ ನೋಡಲು ಏನೂ ವ್ಯತ್ಯಾಸವಿರಲಿಲ್ಲ. ಅದೇ ಕಂದು, ಅದೇ ಬಿಳಿ ಉಂಗುರ.

ಈ ಪತ್ರ ಬರೆಯುತ್ತಿರುವುದು ಆ ಬಟ್ಟೆಯ ದೆಸೆಯಿಂದ. ನನ್ನ ಡಬ್ಬಿಯಲ್ಲಿ ಆದದ್ದು ನಿಮ್ಮ ದೊಡ್ಡ ಡಬ್ಬಿಗಳಲ್ಲೂ ಆಗುತ್ತಿದೆ. ನಿಧಾನವಾಗಿ, ಅಷ್ಟೆ.

ಬೀಜ ಬ್ಯಾಂಕುಗಳ ಬಗ್ಗೆ ನನಗೆ ತಕರಾರಿಲ್ಲ. ಅವು ಬೇಕೇ ಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2010ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 1,750 ಇಂಥ ಬ್ಯಾಂಕುಗಳು, ಅವುಗಳಲ್ಲಿ ಸುಮಾರು 74 ಲಕ್ಷ ಬೀಜದ ಮಾದರಿಗಳು. ಕೇಳಲು ಭಾರೀ ಸಂಖ್ಯೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಇವುಗಳಲ್ಲಿ ಒಂದರಂತೆ ಇನ್ನೊಂದು ಇಲ್ಲದವು 25ರಿಂದ 30 ಶೇಕಡಾ ಮಾತ್ರ ಇರಬಹುದು. ಉಳಿದದ್ದು ಅದದೇ ತಳಿಯ ಪ್ರತಿ. ಪ್ರತಿ ಇರುವುದು ಕೆಟ್ಟದ್ದಲ್ಲ, ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆ ಉಳಿಯುತ್ತದೆ. ನನ್ನ ಪ್ರಶ್ನೆ ಬೇರೆ. 74 ಲಕ್ಷ ಪೊಟ್ಟಣಗಳಲ್ಲಿ ಈಗ ಬಿತ್ತಿದರೆ ಮೊಳೆಯುವವು ಎಷ್ಟು? ನಿಮ್ಮ ಉದ್ಘಾಟನೆಯ ಭಾಷಣಗಳಲ್ಲಿ ಪೊಟ್ಟಣದ ಸಂಖ್ಯೆ ಬರುತ್ತದೆ. ಮೊಳಕೆಯ ಸಂಖ್ಯೆ ಬರುವುದೇ ಇಲ್ಲ, ಅಲ್ವಾ?

ಬೀಜ ಅಂದರೆ ನಿದ್ದೆ ಮಾಡುವ ಜೀವ. ನಿದ್ದೆಯಲ್ಲೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಒಳಗಿನ ಜೀವಕೋಶದ ಪೊರೆ ಹಳತಾಗುತ್ತದೆ, ಡಿಎನ್‌ಎ ಅಲ್ಲಲ್ಲಿ ತುಂಡಾಗುತ್ತದೆ. ನೀರು ಕುಡಿದ ಮೇಲೆ ಅದನ್ನೆಲ್ಲ ರಿಪೇರಿ ಮಾಡಿಕೊಳ್ಳಲು ಆದರೆ ಬೀಜ ಏಳುತ್ತದೆ. ಆಗದಿದ್ದರೆ ಒಳಗಿನ ಸಕ್ಕರೆಯೆಲ್ಲ ಸೋರಿ ನನ್ನ ಬಟ್ಟೆಯ ಲೋಳೆಯಾಗುತ್ತದೆ. ಈ ಸವೆತವನ್ನು ನಿಧಾನ ಮಾಡುವುದಕ್ಕೆ ಒಂದು ಹಳೇ ಲೆಕ್ಕವಿದೆ. ಬೀಜದ ತೇವ ಶೇಕಡಾ ಒಂದರಷ್ಟು ಕಡಿಮೆಯಾದರೆ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇಡುವ ಜಾಗದ ಬಿಸಿ ಐದಾರು ಡಿಗ್ರಿ ಇಳಿದರೂ ಹಾಗೇ. ಅದಕ್ಕೇ ನೀವು ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಪೊಟ್ಟಣದಲ್ಲಿ ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಇಡುವುದು. ನಾನು ಮಾಡಿದ್ದು ಇದಕ್ಕೆ ಸರಿಯಾಗಿ ಉಲ್ಟಾ: ಅರೆಬರೆ ಒಣಗಿದ ಬೀಜ, ಬಿಸಿಲಿಗೆ ಕಾಯುವ ಅಟ್ಟ.

ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ. ಈರುಳ್ಳಿ ಬೀಜವನ್ನು ಮನೆಯಲ್ಲಿ ಸುಮ್ನೆ ಇಟ್ಟರೆ ಒಂದೆರಡು ವರ್ಷಕ್ಕೆ ಮುಗಿಯಿತು. ಟೊಮೆಟೊ ಬೀಜ ಐದಾರು ವರ್ಷ ತಾಳುತ್ತದೆ. ಇಸ್ರೇಲಿನ ಮಸಾಡ ಕೋಟೆಯಲ್ಲಿ ಸಿಕ್ಕ ಸುಮಾರು 2,000 ವರ್ಷದ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತದ್ದು ನಿಜ. ಅದನ್ನೇ ಹಿಡಿದುಕೊಂಡು ಬೀಜಕ್ಕೆ ಸಾವಿಲ್ಲ ಅನ್ನುವವರನ್ನು ನೋಡಿದ್ದೇನೆ. ನೂರು ವರ್ಷ ಬದುಕಿದ ಒಬ್ಬರನ್ನು ತೋರಿಸಿ ಎಲ್ಲರಿಗೂ ನೂರು ವರ್ಷ ಗ್ಯಾರಂಟಿ ಅಂದ ಹಾಗಾಯಿತು.

ಹಾಗಾಗಿ ಬೀಜ ಬ್ಯಾಂಕಿನ ಅಸಲಿ ಕೆಲಸ ಫ್ರೀಜರಿನಲ್ಲಿ ಇಲ್ಲ, ಹೊಲದಲ್ಲಿ ಇದೆ. ಬ್ಯಾಂಕುಗಳಿಗೆ ಆಹಾರ ಮತ್ತು ಕೃಷಿ ಸಂಸ್ಥೆಯೇ ಹಾಕಿಕೊಟ್ಟ ಮಾನದಂಡವಿದೆ. ಆಗಾಗ ಮೊಳಕೆ ಪರೀಕ್ಷೆ ಮಾಡಬೇಕು. ಶುರುವಿನಲ್ಲಿದ್ದ ಮೊಳಕೆಯ ಶೇಕಡಾ 85ಕ್ಕಿಂತ ಕೆಳಗೆ ಇಳಿದರೆ ಬಿತ್ತಿ, ಬೆಳೆದು, ಹೊಸ ಬೀಜ ತೆಗೆದಿಡಬೇಕು. ಬರೆಯಲು ಎರಡೇ ಸಾಲು. ಮಾಡಲು ಹೊರಟರೆ ಗೊತ್ತಾಗುತ್ತದೆ. ಗೋಧಿ, ಭತ್ತ, ಬಟಾಣಿ, ಬೀನ್ಸು ಇವು ತಮ್ಮ ಹೂವಿಗೆ ತಾವೇ ಪರಾಗ ಹಾಕಿಕೊಳ್ಳುವ ಜಾತಿ, ಹಾಗಾಗಿ ಸ್ವಲ್ಪ ಸಲೀಸು. ಮುಸುಕಿನ ಜೋಳದ ಪರಾಗ ಗಾಳಿಯಲ್ಲಿ ತೇಲಿ ನೂರಾರು ಮೀಟರ್ ಹೋಗುತ್ತದೆ. ಎರಡು ತಳಿಯನ್ನು ಹತ್ತಿರ ಹಾಕಿದರೆ ಎರಡೂ ಬೆರಕೆ. ಕುಂಬಳ, ಸೌತೆಗೆ ದುಂಬಿ, ಜೇನುನೊಣಗಳ ಕಾಟ. ಒಂದೊಂದು ಮಾದರಿಗೂ ಬೇರೆ ಬಲೆ ಕಟ್ಟಬೇಕು, ಇಲ್ಲವೇ ಒಂದೊಂದು ಹೂವಿಗೂ ಕೈಯಿಂದ ಪರಾಗ ಹಾಕಿ ಚೀಲ ಕಟ್ಟಬೇಕು. ಒಂದು ಮಾದರಿಗೆ ಹೀಗಾದರೆ ಸಾವಿರ ಮಾದರಿಗೆ? ಹೊಲ ಬೇಕು, ಆಳು ಬೇಕು, ಆ ತಳಿಯ ಮುಖ ಪರಿಚಯವಿರುವ ಒಬ್ಬರಾದರೂ ಬೇಕು. ಈ ಕೆಲಸಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭವಿಲ್ಲ. ಹಣ ಕಡಿತವಾದಾಗ ಮೊದಲು ನಿಲ್ಲುವುದೂ ಇದೇ.

ಇನ್ನೊಂದು ಸೂಕ್ಷ್ಮವಿದೆ. ಅದನ್ನು ಒಂದು ಕಾಡು ಭತ್ತದ ಕಥೆಯಿಂದ ಹೇಳುತ್ತೇನೆ.

1970ರ ಆಸುಪಾಸಿನಲ್ಲಿ ಏಷ್ಯಾದ ಹಲವು ಕಡೆ ಭತ್ತಕ್ಕೆ ಒಂದು ವೈರಸ್ ರೋಗ ಬಂತು. ಜಿಗಿಹುಳು ಹರಡುವ ರೋಗ. ಪೈರು ಮೇಲೆ ಏಳದೆ ಹುಲ್ಲಿನ ಹಾಗೆ ಗಿಡ್ಡಗೆ ಗುಂಪಾಗಿ ನಿಲ್ಲುತ್ತದೆ. ತೆನೆ ಬರುವುದೇ ಇಲ್ಲ, ಬಂದರೂ ಜೊಳ್ಳು. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತಮ್ಮಲ್ಲಿದ್ದ 6,000ಕ್ಕೂ ಜಾಸ್ತಿ ಮಾದರಿಗಳನ್ನು ಒಂದೊಂದಾಗಿ ಬೆಳೆದು ರೋಗ ಅಂಟಿಸಿ ನೋಡಿದರು. ತಡೆದುಕೊಂಡದ್ದು ಒಂದೇ ಒಂದು: ಉತ್ತರ ಪ್ರದೇಶದಿಂದ ತಂದಿದ್ದ ಒರೈಜಾ ನಿವಾರ ಅನ್ನುವ ಕಾಡು ಭತ್ತ. ಹೊಲದಲ್ಲಿ ಕಂಡರೆ ಕಳೆ ಅಂತ ಕಿತ್ತು ಬಿಸಾಡುವಂಥದ್ದು. ಅದರ ಗುಣವನ್ನು ಸಾಗುವಳಿ ಭತ್ತಕ್ಕೆ ಸೇರಿಸಿದರು. 1976ರಲ್ಲಿ ಬಂದ ಐಆರ್ 36 ಅನ್ನುವ ತಳಿಯಲ್ಲೂ ಅದೇ ಗುಣ ಇತ್ತು. ಕೋಟ್ಯಂತರ ಜನ ಅದನ್ನು ಉಂಡರು.

ಇಲ್ಲಿಯವರೆಗಿನ ಕಥೆ ನಿಮಗೆ ಗೊತ್ತೇ ಇರುತ್ತದೆ, ಬೀಜ ಬ್ಯಾಂಕಿನ ಪ್ರತಿ ಕೈಪಿಡಿಯಲ್ಲೂ ಬರುತ್ತದೆ. ಕೈಪಿಡಿ ಹೇಳಲು ಮರೆಯುವುದು ಏನೆಂದರೆ, ಆ ಮಾದರಿಯ ಎಲ್ಲ ಗಿಡಗಳಲ್ಲೂ ಆ ಗುಣ ಇರಲಿಲ್ಲ. ಕೆಲವೇ ಕೆಲವು ಗಿಡಗಳಲ್ಲಿ ಇತ್ತು. ಈಗ ಯೋಚಿಸಿ. ಮಧ್ಯೆ ಎಂದಾದರೂ ಯಾರೋ ಸಿಬ್ಬಂದಿ, ಜಾಗ ಸಾಲದು ಅಂತ, ಆ ಪೊಟ್ಟಣದಿಂದ ನಾಲ್ಕೇ ಬೀಜ ಬಿತ್ತಿ ಹೊಸ ಬೀಜ ತೆಗೆದಿಟ್ಟಿದ್ದರೆ? ಪೊಟ್ಟಣದ ಮೇಲೆ ಅದೇ ಹೆಸರು, ಅದೇ ನಂಬರ್ ಇರುತ್ತಿತ್ತು. ಒಳಗಿನ ಗುಣ ಹೋಗಿರುತ್ತಿತ್ತು. ಲೆಕ್ಕಪುಸ್ತಕದಲ್ಲಿ ಎಲ್ಲವೂ ಸರಿ.

ತಳಿ ವೈವಿಧ್ಯ ಅಂದರೆ ಬರೀ ಹೆಸರುಗಳ ಪಟ್ಟಿ ಅಂತ ನಾವು ಅಂದುಕೊಂಡಿದ್ದೇವೆ. ಒಂದೇ ಹೆಸರಿನ ಒಳಗೂ ಹತ್ತು ಮುಖ ಇರುತ್ತದೆ. ನಾಟಿ ತಳಿಯ ಗೋಧಿಯ ಹೊಲದಲ್ಲಿ ಒಂದು ಗಿಡ ಎರಡು ಬೆರಳು ಎತ್ತರ, ಒಂದು ನಾಲ್ಕು ದಿನ ಮುಂಚೆ ಮಾಗುವಂಥದ್ದು, ಒಂದರ ತೆನೆಗೆ ಮೀಸೆ ಜಾಸ್ತಿ. ನೋಡಲು ಶಿಸ್ತಿಲ್ಲ. ಆದರೆ ರೋಗ ಬಂದಾಗ ಎಲ್ಲವೂ ಒಟ್ಟಿಗೆ ಮಲಗುವುದಿಲ್ಲ.

ಎಲ್ಲವೂ ಒಟ್ಟಿಗೆ ಮಲಗಿದ್ದನ್ನೂ ಜಗತ್ತು ನೋಡಿದೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಿತ್ತು. ಬಡವರ ಹೊಲಗಳಲ್ಲಿ ಹೆಚ್ಚಾಗಿ ಇದ್ದದ್ದು ಲಂಪರ್ ಅನ್ನುವ ಒಂದೇ ತಳಿ. ಆಲೂಗಡ್ಡೆಯನ್ನು ಗಡ್ಡೆಯಿಂದಲೇ ಬೆಳೆಸುವುದರಿಂದ ಆ ಗಿಡಗಳೆಲ್ಲ ಒಂದೇ ಅಚ್ಚು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ರೋಗದ ಜೊತೆ ಆಗಿನ ಆಳ್ವಿಕೆಯ ಕಲ್ಲೆದೆಯೂ ಸೇರಿತ್ತು, ಅದನ್ನು ಮರೆಯಬಾರದು.

ಅದೆಲ್ಲ ಹಳೇ ಕಾಲ, ಈಗ ವಿಜ್ಞಾನ ಮುಂದುವರಿದಿದೆ ಅನ್ನುವವರಿಗೆ 1970ರ ಅಮೆರಿಕ. ಅಲ್ಲಿನ ಮುಸುಕಿನ ಜೋಳದ ಹೈಬ್ರಿಡ್ ಬೀಜ ಮಾಡುವಾಗ ತಾಯಿ ಗಿಡದ ಗಂಡು ಹೂವಿನ ಗರಿಯನ್ನು ಕೈಯಿಂದ ಕಿತ್ತು ತೆಗೆಯಬೇಕಿತ್ತು. ಬೇಸಿಗೆಯಲ್ಲಿ ಸಾವಿರಾರು ಹುಡುಗರಿಗೆ ಅದೇ ಕೆಲಸ. ಈ ಖರ್ಚು ಉಳಿಸಲು ಪರಾಗವೇ ಬಿಡದ ಒಂದು ತಾಯಿ ವಂಶವನ್ನು ಬಳಸಿಕೊಂಡರು. ಟೆಕ್ಸಾಸಿನಲ್ಲಿ ಸಿಕ್ಕಿದ್ದು, ಅದೇ ಹೆಸರು ಬಂತು. ಹೆಸರಿಗೆ ಬೇರೆ ಬೇರೆ ತಳಿ, ಚೀಲದ ಮೇಲೆ ಬೇರೆ ಬೇರೆ ಚಿತ್ರ. ಆದರೆ ಸುಮಾರು 85 ಶೇಕಡಾ ಹೊಲದಲ್ಲಿ ತಾಯಿ ಕಡೆಯ ರಕ್ತ ಒಂದೇ. ಸರಿಯಾಗಿ ಆ ವಂಶಕ್ಕೇ ಹಲ್ಲು ಹಾಕುವ ಒಂದು ಎಲೆ ಅಂಗಮಾರಿ ಶಿಲೀಂಧ್ರ ಬಂತು. ಒಂದೇ ವರ್ಷದಲ್ಲಿ ದೇಶದ ಜೋಳದ ಬೆಳೆಯಲ್ಲಿ ಸುಮಾರು 15 ಶೇಕಡಾ ಹೋಯಿತು. ಯಾರೂ ಸೋಮಾರಿಗಳಾಗಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಗರಿ ಕೀಳುವ ಕೂಲಿ ಉಳಿಸಲು ಹೋಗಿದ್ದರು, ಅಷ್ಟೆ.

ಹೈಬ್ರಿಡ್ ಬೀಜದ ಮೇಲೆ ನನಗೆ ಹಗೆ ಇಲ್ಲ. ಇಳುವರಿ ಬೇಕಾದವರು ಹಾಕುತ್ತಾರೆ, ನಾನೂ ಹಾಕಿದ್ದೇನೆ. ಅದರ ಬೀಜ ತೆಗೆದಿಟ್ಟು ಮರುವರ್ಷ ಹಾಕಿದರೆ ಅಪ್ಪನ ಹಾಗೊಂದು, ಅಜ್ಜನ ಹಾಗೊಂದು ಬರುತ್ತದೆ. ಹಾಗಾಗಿ ಪ್ರತಿ ವರ್ಷ ಕೊಳ್ಳಬೇಕು. ಅದು ವ್ಯಾಪಾರ. ನನ್ನ ಚಿಂತೆ, ಆ ವ್ಯಾಪಾರದ ಅಳತೆಗೋಲನ್ನೇ ಕಾನೂನು ಎತ್ತಿಕೊಂಡು ಎಲ್ಲ ಬೀಜಕ್ಕೂ ಹಿಡಿಯುವುದು.

ಈಗ ಕಾನೂನು ಬರೆಯುವವರ ಕಡೆ ತಿರುಗುತ್ತೇನೆ. ಹಲವು ದೇಶಗಳಲ್ಲಿ ಒಂದು ತಳಿಯ ಬೀಜ ಮಾರಬೇಕಾದರೆ ಅದು ಪಟ್ಟಿಯಲ್ಲಿ ಇರಬೇಕು. ಪಟ್ಟಿಗೆ ಸೇರಲು ಮೂರು ಪರೀಕ್ಷೆ. ಬೇರೆ ತಳಿಗಿಂತ ಭಿನ್ನವಾಗಿರಬೇಕು, ಗಿಡಗಳೆಲ್ಲ ಒಂದೇ ಥರ ಇರಬೇಕು, ವರ್ಷದಿಂದ ವರ್ಷಕ್ಕೆ ಬದಲಾಗಬಾರದು. ಯಾಕೆ ಈ ನಿಯಮ ಬಂತು ಅಂತ ಗೊತ್ತು. ಹೊಟ್ಟು ತುಂಬಿದ ಚೀಲಕ್ಕೆ ಒಳ್ಳೇ ಹೆಸರು ಅಂಟಿಸಿ ಮಾರಿದರೆ ರೈತನ ವರ್ಷವೇ ಹೋಗುತ್ತದೆ. ದೊಡ್ಡ ಪ್ರಮಾಣದಲ್ಲಿ ಮಾರುವವರಿಗೆ ಈ ಪರೀಕ್ಷೆ ಇರಲಿ, ಇನ್ನೂ ಬಿಗಿ ಮಾಡಿ. ಆದರೆ ನಾಟಿ ತಳಿ ಈ ಪರೀಕ್ಷೆಯಲ್ಲಿ ಯಾವತ್ತೂ ಫೇಲು. ಅದು ಒಂದೇ ಥರ ಇರುವುದಿಲ್ಲ. ಬದಲಾಗುತ್ತಲೂ ಇರುತ್ತದೆ. ಅದರ ಬೆಲೆ ಇರುವುದೇ ಅಲ್ಲಿ! ಈಜು ಬರುತ್ತದೆಯೇ ಅಂತ ನೋಡಲು ಮೀನನ್ನು ನೀರಿನಿಂದ ಮೇಲೆ ತೆಗೆದ ಹಾಗಿದೆ ಈ ಪರೀಕ್ಷೆ.

ಯುರೋಪಿನ ಒಕ್ಕೂಟಕ್ಕೂ ಇದು ಅರ್ಥವಾಗಿ 2008ರಲ್ಲಿ ಅಳಿವಿನಂಚಿನ ಸ್ಥಳೀಯ ತಳಿಗಳಿಗೆ ಸ್ವಲ್ಪ ಸಡಿಲ ಮಾಡಿತು. ಬಾಗಿಲು ತೆರೆಯಿತು, ಆದರೆ ಎಷ್ಟು ಬೀಜ, ಯಾವ ಸೀಮೆಯಲ್ಲಿ ಅಂತ ಮಿತಿ ಇಟ್ಟಿತು. ಇನ್ನು ಹೊಸ ತಳಿ ಮಾಡಿದವರಿಗೆ ಅದರ ಮೇಲೆ ಹಕ್ಕು ಕೊಡುವ ಅಂತರರಾಷ್ಟ್ರೀಯ ಒಪ್ಪಂದ ಯುಪೊವ್. 1961ರಲ್ಲಿ ಶುರುವಾಗಿದ್ದು 1991ರ ತಿದ್ದುಪಡಿಯಲ್ಲಿ ಬಿಗಿಯಾಯಿತು. ಹಕ್ಕಿರುವ ತಳಿಯ ಬೀಜ ಉಳಿಸಿಕೊಳ್ಳಲು ಬಿಡಬೇಕೋ ಬೇಡವೋ ಅನ್ನುವುದು ಆಯಾ ದೇಶದ ಮರ್ಜಿ. ಬಿಟ್ಟರೂ ತನ್ನ ಹೊಲದ ಬೀಜ ತನ್ನ ಹೊಲಕ್ಕೇ. ಪಕ್ಕದವರಿಗೆ ಒಂದು ಬೊಗಸೆ ಕೊಡುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ಇದಕ್ಕೆ ಬೇರೆ ದಾರಿಯೂ ಇದೆ ಅನ್ನಲು ಭಾರತದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಸಾಕು. ಹಕ್ಕಿರುವ ತಳಿಯ ಬೀಜವನ್ನೂ ರೈತರು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಬ್ರ್ಯಾಂಡಿನ ಹೆಸರು ಹಾಕದೆ ಮಾರಲೂಬಹುದು ಅಂತ ಅದರಲ್ಲಿ ಬರೆದೇ ಇದೆ. ವಿಶ್ವಸಂಸ್ಥೆ 2018ರಲ್ಲಿ ಒಪ್ಪಿದ ರೈತರ ಹಕ್ಕುಗಳ ಘೋಷಣೆಯಲ್ಲೂ ಬೀಜ ಉಳಿಸುವ, ಬಳಸುವ, ಕೊಟ್ಟು ತೆಗೆದುಕೊಳ್ಳುವ, ಮಾರುವ ಹಕ್ಕಿನ ಮಾತಿದೆ. ಘೋಷಣೆಗೆ ಕೈ ಎತ್ತಿ ಬಂದು ಮನೆಯ ಕಾನೂನಿನಲ್ಲಿ ಅದನ್ನೇ ಅಪರಾಧ ಮಾಡಿದರೆ ಹೇಗೆ?

ನನ್ನ ಬೇಡಿಕೆ ದೊಡ್ಡದಲ್ಲ. ಯಾರ ಹಕ್ಕೂ ಇಲ್ಲದ ಹಳೇ ತಳಿಯ ಬೀಜವನ್ನು ಕೈಯಿಂದ ಕೈಗೆ ಕೊಡುವುದಕ್ಕೆ, ಸಣ್ಣ ಪೊಟ್ಟಣದಲ್ಲಿ ಮಾರುವುದಕ್ಕೆ ಪಟ್ಟಿಯ ತೊಡಕು ಬೇಡ. ಪೊಟ್ಟಣದ ಮೇಲೆ ತಳಿಯ ಹೆಸರು, ಬೆಳೆದ ವರ್ಷ, ಮೊಳಕೆ ಎಷ್ಟು ಶೇಕಡಾ, ಇಷ್ಟು ಬರೆದಿರಲಿ. ಸುಳ್ಳು ಬರೆದರೆ ಶಿಕ್ಷೆ ಕೊಡಿ.

ಮನೆಯಲ್ಲಿ ಬೀಜ ಇಡುವವರೆಲ್ಲ ಪುಣ್ಯಾತ್ಮರು ಅಂತ ನಾನು ಹೇಳುತ್ತಿಲ್ಲ. ನಾವು ಮಾಡುವ ಎಡವಟ್ಟು ಒಂದೆರಡಲ್ಲ. ನನ್ನದೇ ಹೇಳುತ್ತೇನೆ. ಒಂದು ವರ್ಷ ತಿನ್ನುವ ಕುಂಬಳದ ಪಕ್ಕದಲ್ಲಿ ಅಂದಕ್ಕೆ ಅಂತ ಬಣ್ಣದ ಪುಟ್ಟ ಕುಂಬಳದ ಬಳ್ಳಿ ಹಬ್ಬಿಸಿದೆ. ಆ ವರ್ಷದ ಕಾಯಿ ರುಚಿಯಾಗೇ ಇತ್ತು. ಅದರ ಬೀಜ ತೆಗೆದಿಟ್ಟು ಮರುವರ್ಷ ಹಾಕಿದರೆ ಬಂದ ಕಾಯಿ ವಿಷದಂಥ ಕಹಿ. ವಿಷದಂಥ ಏನು, ವಿಷವೇ. ಕಹಿಯ ಆ ರಸಾಯನ ಜಾಸ್ತಿ ಹೊಟ್ಟೆಗೆ ಹೋದರೆ ವಾಂತಿ ಭೇದಿ ಹಿಡಿಯುತ್ತದೆ. ನಾಲಿಗೆಗೆ ತಾಗಿದ್ದೇ ಉಗುಳಿದೆ, ಬಚಾವ್. ಜೇನುನೊಣಕ್ಕೆ ಬೇಲಿ ಗೊತ್ತಿಲ್ಲ ಅನ್ನುವುದು ಅವತ್ತು ನಾಲಿಗೆಗೆ ತಿಳಿಯಿತು. ಇನ್ನೊಮ್ಮೆ ಮುಸುಕಿನ ಜೋಳದ ಬೀಜವನ್ನು ಎರಡೇ ಎರಡು ಚೆಂದದ ತೆನೆಯಿಂದ ತೆಗೆದೆ. ಮೂರನೇ ವರ್ಷಕ್ಕೆ ಗಿಡ ಕುಳ್ಳಗಾಗಿ, ತೆನೆಯಲ್ಲಿ ಅರ್ಧ ಕಾಳು. ಜೋಳಕ್ಕೆ ನೂರಿನ್ನೂರು ಗಿಡದ ಬಳಗ ಬೇಕು, ಒಳಗೊಳಗೇ ಸಂಬಂಧ ಮಾಡಿದರೆ ವಂಶ ಕುಗ್ಗುತ್ತದೆ ಅಂತ ಆಮೇಲೆ ಒಬ್ಬರು ಹೇಳಿದರು. ಟೊಮೆಟೊ ಮಾತ್ರ ಯಾವತ್ತೂ ಕೈಕೊಟ್ಟಿಲ್ಲ. ಹಣ್ಣನ್ನು ಹಿಂಡಿ, ಲೋಳೆಯ ಸಮೇತ ಲೋಟದಲ್ಲಿ ಎರಡು ಮೂರು ದಿನ ಹುಳಿ ಬರಿಸಿ, ತೊಳೆದು, ತಟ್ಟೆಯಲ್ಲಿ ನೆರಳಿಗೆ ಒಣಗಿಸಿದರೆ ಮುಗಿಯಿತು. ಕಾಗದದ ಮೇಲೆ ಮಾತ್ರ ಒಣಗಿಸಬೇಡಿ, ಅಂಟಿಕೊಂಡು ಬಿಡುವುದೇ ಇಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನಮ್ಮಂಥವರಿಗೆ ಕಲಿಸುವವರು ಬೇಕು. ಕೆಟ್ಟು ಹೋದಾಗ ಮತ್ತೆ ಶುರು ಮಾಡಲು ಒಂದು ಮೂಲ ಬೀಜ ಬೇಕು. ಅದು ಇರುವುದು ನಿಮ್ಮ ಹತ್ತಿರ. ಬೀನ್ಸ್ ಬೀಜ ಕೈಕೊಟ್ಟ ಮೇಲೆ ನಾನು ಒಂದು ಬೀಜ ಬ್ಯಾಂಕಿಗೆ ಬರೆದೆ. ಹೆಸರು ಬೇಡ. ಇಂಥ ಕಂದು ಮೈಯ, ಬಿಳಿ ಉಂಗುರದ ಬಳ್ಳಿ ಬೀನ್ಸ್ ನಿಮ್ಮಲ್ಲಿದ್ದರೆ ಹತ್ತು ಬೀಜ ಕೊಡಿ ಅಂತ. ಎರಡು ತಿಂಗಳ ಮೇಲೆ ಉತ್ತರ ಬಂತು: ಸಂಶೋಧನಾ ಸಂಸ್ಥೆಗಳಿಗೆ ಮಾತ್ರ. ನಿಮ್ಮ ಸಂಸ್ಥೆಯ ಮುಖ್ಯಸ್ಥರ ಸಹಿ ಹಾಕಿಸಿ ಕಳಿಸಿ ಅಂದಿದ್ದರು. ನಮ್ಮ ಸಂಸ್ಥೆಯಲ್ಲಿ ಇರುವುದು ನಾನು ಮತ್ತು ಒಂದು ಬೆಕ್ಕು. ಇಬ್ಬರಲ್ಲಿ ಮುಖ್ಯಸ್ಥರು ಯಾರೆಂದು ಬೆಕ್ಕಿಗೆ ಅನುಮಾನವಿಲ್ಲ.

ಅವರ ಕಷ್ಟವೂ ಗೊತ್ತು. ಪೊಟ್ಟಣದಲ್ಲಿ ಇರುವುದೇ ಕೆಲವು ನೂರು ಬೀಜ. ಕೇಳಿದವರಿಗೆಲ್ಲ ಕೊಟ್ಟರೆ ಖಾಲಿ. ಬೆಳೆದು ಹೆಚ್ಚಿಸಲು ಹೊಲ, ಆಳು ಇಲ್ಲ. ಅಂದರೆ ಮತ್ತೆ ಅಲ್ಲಿಗೇ ಬಂದೆವು. ಬೆಳೆಯುವ ಕೆಲಸಕ್ಕೆ ಹಣವಿಲ್ಲ.

ಬೆಳೆಯುವವರು ಜೊತೆಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಪೆರುವನ್ನು ನೋಡಿ. ಕುಸ್ಕೊ ಹತ್ತಿರ ಬೆಟ್ಟದ ಕೆಲವು ಸಮುದಾಯಗಳು ಸೇರಿ ಆಲೂಗಡ್ಡೆ ಉದ್ಯಾನ ಅಂತ ಮಾಡಿಕೊಂಡಿವೆ. ಉದ್ಯಾನ ಅಂದರೆ ಸುತ್ತಾಡುವ ಪಾರ್ಕ್ ಅಲ್ಲ, ಅವರ ಹೊಲಗಳೇ. ಅವರ ಹಿರಿಯರ ಕಾಲದ ಹಲವು ತಳಿ ಹೊಲದಿಂದ ಹೋಗಿದ್ದವು, ಆದರೆ ಲಿಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದಲ್ಲಿ ಉಳಿದಿದ್ದವು. 2004ರಲ್ಲಿ ಇಬ್ಬರ ನಡುವೆ ಒಪ್ಪಂದವಾಯಿತು. ಕೇಂದ್ರದವರು ವೈರಸ್ ತೆಗೆದು ಶುದ್ಧ ಮಾಡಿದ 400ಕ್ಕೂ ಜಾಸ್ತಿ ತಳಿಗಳನ್ನು ವಾಪಸ್ ಕೊಟ್ಟರು. ಈಗ ಅವು ಕೇಂದ್ರದಲ್ಲೂ ಇವೆ, ಬೆಟ್ಟದಲ್ಲೂ ಇವೆ. ಬೆಟ್ಟದಲ್ಲಿರುವುದು ಪ್ರತಿ ವರ್ಷ ಹೊಸ ಮಳೆ, ಹೊಸ ಚಳಿ, ಹೊಸ ಹುಳದ ಜೊತೆ ಗುದ್ದಾಡುತ್ತದೆ. ಕೇಂದ್ರದಲ್ಲಿ ಕಾಪಿಟ್ಟದ್ದಕ್ಕೆ ಈ ಕಾಲದ ರೋಗದ ಪರಿಚಯವೇ ಇರುವುದಿಲ್ಲ. ಎರಡೂ ಬೇಕು ಅನ್ನುವುದು ಅದಕ್ಕೇ.

ಕಟ್ಟಡವೂ ಶಾಶ್ವತವಲ್ಲ. ಫಿಲಿಪೈನ್ಸಿನ ರಾಷ್ಟ್ರೀಯ ಬೀಜ ಸಂಗ್ರಹಕ್ಕೆ 2006ರಲ್ಲಿ ಚಂಡಮಾರುತದ ಕೆಸರು ನುಗ್ಗಿತು, 2012ರಲ್ಲಿ ಬೆಂಕಿ ಬಿತ್ತು. ಸಿರಿಯಾದ ಅಲೆಪ್ಪೊ ಬಳಿ ಇದ್ದ, ಒಣಭೂಮಿ ಕೃಷಿ ಸಂಶೋಧನೆಯ ಐಕಾರ್ಡಾ ಕೇಂದ್ರವನ್ನು ಯುದ್ಧದಲ್ಲಿ ಬಿಟ್ಟು ಬರಬೇಕಾಯಿತು. ಅವರು ಜಾಣರು, ಮೊದಲೇ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ಬೆಟ್ಟದೊಳಗಿನ ಬೀಜ ಭಂಡಾರದಲ್ಲಿ ಪ್ರತಿ ಇಟ್ಟಿದ್ದರು. 2008ರಲ್ಲಿ ತೆರೆದ ಆ ಭಂಡಾರದಿಂದ ಮೊದಲ ಬಾರಿಗೆ ಬೀಜ ಹೊರಗೆ ಬಂದದ್ದು 2015ರಲ್ಲಿ, ಇವರಿಗಾಗಿ. ಪತ್ರಿಕೆಗಳೆಲ್ಲ ಭಂಡಾರದ ಉಕ್ಕಿನ ಬಾಗಿಲಿನ ಫೋಟೊ ಹಾಕಿದವು. ನನಗೆ ಇಷ್ಟವಾದದ್ದು ಮುಂದಿನ ಭಾಗ. ಆ ಬೀಜವನ್ನು ಲೆಬನಾನ್, ಮೊರಾಕ್ಕೊ ಹೊಲಗಳಲ್ಲಿ ಬಿತ್ತಿದರು, ಬೆಳೆದರು, ಒಣಗಿಸಿದರು. 2017ರಿಂದ ಹೊಸ ಬೀಜವನ್ನು ವಾಪಸ್ ಭಂಡಾರಕ್ಕೆ ತುಂಬಿದರು. ಸಾಲ ತೀರಿಸಿದ ಹಾಗೆ. ಬೀಜ ಉಳಿದದ್ದು ಬೆಟ್ಟದಿಂದ ಎಷ್ಟೋ ಆ ಹೊಲಗಳಿಂದಲೂ ಅಷ್ಟೇ. ಆ ಹೊಲಗಳ ಫೋಟೊ ಅಷ್ಟಾಗಿ ಯಾರೂ ಹಾಕಲಿಲ್ಲ.

ಇನ್ನೊಂದು ಊರಿನ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಲೆನಿನ್‌ಗ್ರಾಡ್. ರಷ್ಯಾದ ಈಗಿನ ಸೇಂಟ್ ಪೀಟರ್ಸ್‌ಬರ್ಗ್. ಸಸ್ಯ ವಿಜ್ಞಾನಿ ನಿಕೊಲಾಯ್ ವಾವಿಲೋವ್ ದೇಶ ದೇಶ ಸುತ್ತಿ ತಂದ ಬೀಜ ಅಲ್ಲಿನ ಸಂಸ್ಥೆಯಲ್ಲಿತ್ತು. 1941ರಿಂದ 1944ರವರೆಗೆ ನಗರಕ್ಕೆ ಜರ್ಮನ್ ಸೇನೆಯ ಮುತ್ತಿಗೆ. ಹೊರಗೆ ಜನ ಹಸಿವಿನಿಂದ ಸಾಯುತ್ತಿದ್ದರು. ಒಳಗೆ ಭತ್ತ, ಗೋಧಿ, ಕಡಲೆಕಾಯಿ, ಆಲೂಗಡ್ಡೆಯ ರಾಶಿಯ ನಡುವೆ ಸಿಬ್ಬಂದಿಯಲ್ಲಿ ಹಲವರು ಹಸಿದೇ ಸತ್ತರು. ಬಿತ್ತನೆ ಬೀಜ ಮುಟ್ಟಲಿಲ್ಲ. ವಾವಿಲೋವ್ ಅಷ್ಟು ಹೊತ್ತಿಗೆ ಸರ್ಕಾರದ ಕಣ್ಣು ಕೆಂಪಾಗಿ ಜೈಲಿನಲ್ಲಿದ್ದರು. 1943ರಲ್ಲಿ ಅಲ್ಲೇ ತೀರಿಕೊಂಡರು. ನೀವು ಕಟ್ಟಡಗಳಿಗೆ ಅವರ ಹೆಸರಿಟ್ಟಿದ್ದೀರಿ, ಸಂತೋಷ. ಕಾವಲಿದ್ದವರು ಕಾದದ್ದು ಬರೀ ರಾಶಿಯನ್ನಲ್ಲ. ಮುತ್ತಿಗೆಯ ನಡುವೆಯೂ ಆಲೂಗಡ್ಡೆಯನ್ನು ನೆಲಕ್ಕೆ ಹಾಕಿ ತಳಿ ಉಳಿಸಿಕೊಂಡರು. ಆಲೂಗಡ್ಡೆ ಡಬ್ಬಿಯಲ್ಲಿ ಕಾಯುವುದಿಲ್ಲವಲ್ಲ.

ಹಣ ಹಂಚುವವರಿಗೆ ಈಗ ನೇರವಾಗಿ ಕೇಳುತ್ತೇನೆ. ನಿಮ್ಮ ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಎಷ್ಟು ಮಾದರಿ ಇದೆ ಅಂತ ದಪ್ಪಕ್ಷರದಲ್ಲಿ ಬರುತ್ತದೆ. ಅದರ ಕೆಳಗೇ ಇನ್ನೂ ಮೂರು ಸಾಲು ಹಾಕಿಸಿ. ಈ ವರ್ಷ ಎಷ್ಟು ಮಾದರಿಯ ಮೊಳಕೆ ನೋಡಿದಿರಿ, ಎಷ್ಟನ್ನು ಮತ್ತೆ ಬೆಳೆದಿರಿ, ಎಷ್ಟು ಪೊಟ್ಟಣ ಬಾಗಿಲಿನಿಂದ ಹೊರಗೆ ಹೋಯಿತು. ಮೊದಲ ವರ್ಷ ಅಂಕಿ ನೋಡಿ ನಾಚಿಕೆಯಾಗಬಹುದು. ಪರವಾಗಿಲ್ಲ, ನನಗೂ ಆಯಿತು. ಮುಂದಿನ ಕಟ್ಟಡಕ್ಕೆ ಅಂತ ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಬಿತ್ತುವವರ ಕೂಲಿಗೆ ತಿರುಗಿಸಿ. ಬ್ಯಾಂಕಿನ ಹೊಲ ಸಾಲದಿದ್ದರೆ ಹೊರಗೆ ಆಸಕ್ತಿ ಇರುವ ಬೆಳೆಗಾರರು ಇದ್ದಾರೆ. ಅವರಿಗೆ ತರಬೇತಿ ಕೊಡಿ, ಒಬ್ಬೊಬ್ಬರಿಗೆ ಒಂದೊಂದು ತಳಿ ಒಪ್ಪಿಸಿ, ವಾಪಸ್ ಬಂದ ಬೀಜವನ್ನು ಪರೀಕ್ಷೆ ಮಾಡಿ ತೆಗೆದುಕೊಳ್ಳಿ. ಬೆರಕೆಯಾಗುವ ಕುಂಬಳ, ಜೋಳ ಬೇಡ, ನಮ್ಮ ಕೈಗೆ ಅವನ್ನು ಕೊಟ್ಟರೆ ಏನಾಗುತ್ತದೆ ಅಂತ ಮೇಲೆ ಓದಿದಿರಿ. ಬೀನ್ಸು, ಬಟಾಣಿ, ಟೊಮೆಟೊದಿಂದ ಶುರು ಮಾಡಬಹುದು.

ನೀವು ಈಗ ನೋಡಲೂ ಮನಸ್ಸಿಲ್ಲದ ಪೊಟ್ಟಣಗಳನ್ನು ಮಾತ್ರ ಬಿಸಾಡಬೇಡಿ. ಜಾಕ್ ಹಾರ್ಲನ್ ಅನ್ನುವ ಅಮೆರಿಕದ ಸಸ್ಯ ವಿಜ್ಞಾನಿ 1948ರಲ್ಲಿ ಟರ್ಕಿಯಿಂದ ಒಂದು ಗೋಧಿ ತಂದರು. ಸಣಕಲು ಕಾಂಡ, ಗಾಳಿ ಬಂದರೆ ಬೀಳುತ್ತದೆ, ಚಳಿ ತಡೆಯುವುದಿಲ್ಲ, ಹಿಟ್ಟು ಬ್ರೆಡ್ಡಿಗೆ ಆಗುವುದಿಲ್ಲ. ತಂದವರಿಗೇ ಅದರ ಮೇಲೆ ಆಸೆ ಇರಲಿಲ್ಲ. ಸುಮಾರು 15 ವರ್ಷ ಮೂಲೆಯಲ್ಲಿ ಬಿದ್ದಿತ್ತು. 1960ರ ದಶಕದಲ್ಲಿ ಅಲ್ಲಿನ ಗೋಧಿಗೆ ಹಳದಿ ಗೆರೆಯ ತುಕ್ಕು ರೋಗ ಬಂದಾಗ ಹುಡುಕಿ ನೋಡಿದರೆ, ಈ ಕೆಲಸಕ್ಕೆ ಬಾರದ ಗೋಧಿ ಆ ರೋಗದ ನಾಲ್ಕು ಬಗೆಗಳನ್ನು, ಜೊತೆಗೆ ಕಾಡಿಗೆ ರೋಗದ ಹತ್ತಾರು ಬಗೆಗಳನ್ನು ತಡೆಯುತ್ತಿತ್ತು. ಆ ಪೊಟ್ಟಣ ಅಷ್ಟು ವರ್ಷ ಜೀವಂತ ಇದ್ದದ್ದು ಮುಖ್ಯ. ಸತ್ತ ಬೀಜವಾಗಿದ್ದರೆ ಅದರ ನಂಬರಿಗೆ ಯಾವ ಬೆಲೆಯೂ ಇರುತ್ತಿರಲಿಲ್ಲ.

ಕೊನೆಗೆ ಆ ಎರಡು ಬೀಜದ ಸಮಾಚಾರ. ಬೇರು ಬಂದವನ್ನು ಕುಂಡಕ್ಕೆ ಹಾಕಿದೆ. ಒಂದನ್ನು ಬಸವನಹುಳು ಎರಡೆಲೆ ಇರುವಾಗಲೇ ಕತ್ತರಿಸಿತು. ಇನ್ನೊಂದು ಹಬ್ಬಿತು. ಹನ್ನೊಂದು ಕಾಯಿ ಬಿಟ್ಟಿತು. ಒಂದನ್ನೂ ಪಲ್ಯಕ್ಕೆ ಮುರಿಯಲಿಲ್ಲ. ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಬರುವವರೆಗೂ ಬಿಟ್ಟೆ. ಸುಲಿದಾಗ ಸಿಕ್ಕಿದ್ದು 52 ಬೀಜ. ಒಂದೇ ಗಿಡದ ಮಕ್ಕಳು, ಹಾಗಾಗಿ ಅಜ್ಜಿಯ ಪೊಟ್ಟಣದಲ್ಲಿದ್ದ ಎಷ್ಟೋ ಮುಖಗಳು ಇದರಲ್ಲಿ ಇಲ್ಲ ಅಂತ ಗೊತ್ತು. 20 ಬೀಜ ಈ ವರ್ಷ ನೆಲಕ್ಕೆ ಹೋಗಿವೆ. ಹನ್ನೆರಡನ್ನು ಮೂರು ಮನೆಗೆ ಹಂಚಿದ್ದೇನೆ. ಉಳಿದ 20ನ್ನು ಚೆನ್ನಾಗಿ ಒಣಗಿಸಿ, ಗಾಜಿನ ಶೀಶೆಯಲ್ಲಿ ಹಾಕಿ, ಬೆಳೆದ ವರ್ಷ ಬರೆದು, ಫ್ರಿಜ್ಜಿನ ತಳದಲ್ಲಿ ಇಟ್ಟಿದ್ದೇನೆ. ನಿಮ್ಮ ಬ್ಯಾಂಕಿಗೆ ಬೇಕಿದ್ದರೆ ಹೇಳಿ ಕಳಿಸಿ. ನಮ್ಮ ಸಂಸ್ಥೆಯಲ್ಲಿ ಯಾರ ಸಹಿಯೂ ಬೇಕಿಲ್ಲ.

ಇತಿ,
ಹಿತ್ತಲಲ್ಲಿ ಬೀಜ ಹಾಕುವ ಒಬ್ಬಳು